ನುಣುಪಿನ ಹಿಂದಿನ ಕೊಬ್ಬು

1940ರ ಆಗಸ್ಟ್‌ನಿಂದ ಬ್ರಿಟನ್ನಿನಲ್ಲಿ ಕೇಕಿನ ಮೇಲೆ ಸಕ್ಕರೆ ಐಸಿಂಗ್ ಹಾಕಿ ಮಾರುವುದು ಅಪರಾಧವಾಯಿತು. ಯುದ್ಧ ಶುರುವಾಗಿ ಹತ್ತಿರ ಹತ್ತಿರ ವರ್ಷವಾಗಿತ್ತು. ಸಕ್ಕರೆಯ ದೊಡ್ಡ ಪಾಲು ಸಮುದ್ರ ದಾಟಿ ಬರಬೇಕಿತ್ತು, ಆ ಹಡಗುಗಳ ಬೆನ್ನಿಗೆ ಜರ್ಮನಿಯ ಸಬ್‌ಮರೀನ್‌ಗಳು ಬಿದ್ದಿದ್ದವು. ಆದರೆ ಯುದ್ಧ ಬಂತೆಂದು ಮದುವೆಗಳು ನಿಲ್ಲುತ್ತವೆಯೇ? ಮದುವೆ ಎಂದರೆ ಅಲ್ಲಿಯವರಿಗೆ ಬಿಳಿ ಕೇಕು ಬೇಕೇ ಬೇಕು. ಬೇಕರಿಯವರು ಉಪಾಯ ಹುಡುಕಿದರು. ರಟ್ಟಿನಲ್ಲೋ ಪ್ಲಾಸ್ಟರಿನಲ್ಲೋ ಎರಡು ಮೂರು ಅಂತಸ್ತಿನ ಕೇಕಿನ ಕವಚ ಮಾಡಿ, ಅದಕ್ಕೆ ಹೂಬಳ್ಳಿ ಮೂಡಿಸಿ, ಮದುವೆ ಮನೆಗಳಿಗೆ ಬಾಡಿಗೆಗೆ ಕೊಟ್ಟರು. ಮದುಮಕ್ಕಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ಮೇಲೆ ಕವಚವನ್ನು ಮೇಲೆತ್ತಿದರೆ, ಒಳಗೆ ನೆಂಟರಿಷ್ಟರ ರೇಷನ್ ಸಕ್ಕರೆ, ಬೆಣ್ಣೆ ಒಟ್ಟುಗೂಡಿಸಿ ಮಾಡಿದ ಒಂದು ಸಣ್ಣ ಬೋಳು ಕೇಕು.

ಜನ ರುಚಿಗೆ ಹೊಂದಿಕೊಂಡರು, ಆದರೆ ಆ ಬಿಳಿ ನುಣುಪಿಲ್ಲದೆ ಇರಲು ಒಪ್ಪಲಿಲ್ಲ ಅನ್ನುವುದು ಇದರಲ್ಲಿ ನನಗೆ ಕುತೂಹಲ ಹುಟ್ಟಿಸಿದ ಸಂಗತಿ. ಪ್ಲಾಸ್ಟರಿನ ಮೇಲ್ಮೈಯಾದರೂ ಸರಿ, ನುಣ್ಣಗಿರಬೇಕು.

ನಾನು ಬೇಕರಿಯವನಲ್ಲ. ಪುಣೆಯಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಗಡುವುಗಳನ್ನು ಕಾಯುವುದು ನನ್ನ ಕೆಲಸ. ನನ್ನ ಹೆಂಡತಿ ಆರು ವರ್ಷದಿಂದ ಮನೆಯಲ್ಲೇ ಕೇಕಿನ ಆರ್ಡರ್ ತೆಗೆದುಕೊಳ್ಳುತ್ತಾಳೆ. ಶನಿವಾರ ಭಾನುವಾರ ಡಬ್ಬ ಹಿಡಿದು ಕಾರಿನಲ್ಲಿ ಹೋಗಿ ಕೊಟ್ಟುಬರುವ ಸಂಬಳವಿಲ್ಲದ ನೌಕರ ನಾನು. ಆರ್ಡರ್ ಕೊಡುವವರಲ್ಲಿ ಮರಾಠಿಯವರಿದ್ದಾರೆ, ಕನ್ನಡದವರಿದ್ದಾರೆ, ತೆಲುಗಿನವರಿದ್ದಾರೆ. ಎಲ್ಲರೂ ಒಂದು ಫೋಟೋ ಕಳಿಸುತ್ತಾರೆ, ಕೆಳಗೆ ಒಂದೇ ಸಾಲು ಬರೆಯುತ್ತಾರೆ: ಫಿನಿಶಿಂಗ್ ಹೀಗೇ ಬರಬೇಕು. ಫೋಟೋದಲ್ಲಿರುವ ಕೇಕು ಅಳತೆಗೋಲಿಟ್ಟು ಕೊಯ್ದ ಹಾಗಿರುತ್ತದೆ. ಮೇಲೊಂದು ಗುಳಿಯಿಲ್ಲ, ಪಕ್ಕದಲ್ಲೊಂದು ಗೆರೆಯಿಲ್ಲ, ಅಂಚು ಚೂರಿಯಷ್ಟು ಚೂಪು. ಬೆಣ್ಣೆಯಂಥ ಮೆತ್ತನೆಯ ಪದಾರ್ಥದಲ್ಲಿ ಇಂಥ ಅಂಚು ಬರಬೇಕು ಎಂಬ ನಿರೀಕ್ಷೆ ಎಲ್ಲಿಂದ ಬಂತು? ಕೈಚಳಕದಿಂದ ಅಂತ ಎಲ್ಲರೂ ಹೇಳುತ್ತಾರೆ. ಒಂದಷ್ಟು ಓದಿದ ಮೇಲೆ ನನಗೆ ಬೇರೆಯೇ ಅನ್ನಿಸಿದೆ. ಈ ನುಣುಪಿನಲ್ಲಿ ಮೊದಲ ಪಾಲು ಸಕ್ಕರೆ ಕಾರ್ಖಾನೆಯದು, ಎರಡನೆಯದು ಕೊಬ್ಬಿನ ಕಾರ್ಖಾನೆಯದು. ಕೈಯ ಪಾಲು ಆಮೇಲಿನದು. ಆ ಕಾರ್ಖಾನೆಗಳ ಲೆಕ್ಕವನ್ನು ಯಾರೋ ತಮ್ಮ ಮೈಯಿಂದ ತೀರಿಸಿದ್ದಾರೆ ಎಂಬುದನ್ನೂ ಸೇರಿಸಿ ಹೇಳಬೇಕು.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಮನೆಮನೆಯಲ್ಲಿದ್ದ ಅಡುಗೆ ಪುಸ್ತಕ ಹ್ಯಾನಾ ಗ್ಲಾಸ್ ಅವರದು. ಮೊದಲು ಅಚ್ಚಾದದ್ದು 1747ರಲ್ಲಿ. ದೊಡ್ಡ ಕೇಕಿಗೆ ಐಸಿಂಗ್ ಮಾಡುವ ವಿಧಾನ ಅದರಲ್ಲಿದೆ. 24 ಮೊಟ್ಟೆಯ ಬಿಳಿಭಾಗ, ಒಂದು ಪೌಂಡು, ಅಂದರೆ ಅರ್ಧ ಕಿಲೋಗೆ ಚೂರು ಕಡಿಮೆ, ಎರಡು ಸಲ ಶುದ್ಧಿ ಮಾಡಿದ ಸಕ್ಕರೆ, ಮಣ್ಣಿನ ಪಾತ್ರೆಯಲ್ಲಿ ಹಾಕಿ ಎರಡು ಮೂರು ಗಂಟೆ ಕಡೆಯಬೇಕು. ಆಮೇಲೆ ತೆಳ್ಳನೆಯ ಅಗಲದ ಹಲಗೆಯಿಂದಲೋ ಹಕ್ಕಿಯ ಗರಿಗಳ ಕಟ್ಟಿನಿಂದಲೋ ಕೇಕಿನ ಮೇಲೆ ಸವರಿ, ಬೆಂಕಿಯ ಮುಂದೆ ಸ್ವಲ್ಪ ದೂರದಲ್ಲಿಟ್ಟು, ಬಣ್ಣ ಕೆಡದಂತೆ ತಿರುಗಿಸುತ್ತಲೇ ಇರಬೇಕು. ಇಲ್ಲದಿದ್ದರೆ ಆರಿದ ಒಲೆಯಲ್ಲಿ ಒಂದು ಗಂಟೆ. ಇದನ್ನು ಓದಿದಾಗ ನಮ್ಮ ಅಡುಗೆಮನೆಯ ಕಟ್ಟೆ ಕಣ್ಣ ಮುಂದೆ ಬಂತು. ಇವತ್ತಿನ ಸ್ಟೀಲ್ ಸ್ಕ್ರೇಪರ್ ಆ ಅಗಲದ ಹಲಗೆಯ ಮೊಮ್ಮಗ. ತಿರುಗುವ ಮಣೆಯ ಕೆಲಸವನ್ನು ಆಗ ಅಡುಗೆಯವಳ ಕೈಯೇ ಮಾಡುತ್ತಿತ್ತು.

ಆದರೆ ಆ ಸಕ್ಕರೆಯ ಕಡೆ ನೋಡಿ. ಆಗ ಸಕ್ಕರೆ ಪ್ಯಾಕೆಟ್ಟಿನಲ್ಲಿ ಪುಡಿಯಾಗಿ ಬರುತ್ತಿರಲಿಲ್ಲ. ಶಂಕುವಿನಾಕಾರದ ಗಟ್ಟಿ ಅಚ್ಚು, ಹೆಚ್ಚುಕಡಿಮೆ ನಮ್ಮ ಬೆಲ್ಲದ ಅಚ್ಚಿನ ಹಾಗೆ. ಅದನ್ನು ಇಕ್ಕುಳದಿಂದ ಮುರಿದು, ಕುಟ್ಟಿ, ಜರಡಿ ಹಿಡಿಯಬೇಕು. ಜರಡಿ ಎಷ್ಟು ಸಣ್ಣದೋ ಐಸಿಂಗ್ ಅಷ್ಟು ನಯ. ನಾಲಿಗೆಗೆ ಸುಮಾರು 30 ಮೈಕ್ರಾನಿಗಿಂತ ದಪ್ಪದ ಕಣ ಮರಳಿನಂತೆ ಗೊತ್ತಾಗುತ್ತದೆ. ಅದಕ್ಕಿಂತ ಸಣ್ಣದಾದರೆ ನಯ ಅನ್ನಿಸುತ್ತದೆ. ಅಂದರೆ ನುಣುಪೆಂದರೆ ದುಡಿಮೆ. ಬಿಳುಪೆಂದರೆ ಇನ್ನೂ ಹೆಚ್ಚಿನ ದುಡಿಮೆ. ಆ ದುಡಿಮೆಯ ಬಹುಪಾಲು ಇಂಗ್ಲೆಂಡಿನ ಅಡುಗೆಮನೆಯಲ್ಲಿ ನಡೆಯಲಿಲ್ಲ. ಜಮೈಕಾ, ಬಾರ್ಬಡೋಸ್‌ಗಳ ಕಬ್ಬಿನ ಗದ್ದೆಗಳಲ್ಲಿ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಬೆನ್ನ ಮೇಲೆ ನಡೆಯಿತು.

ಇದು ನಾನು ಈಗ ಕೂತು ಎಳೆದು ತಂದ ಸಂಬಂಧವೇನೂ ಅಲ್ಲ, ಆಗಿನವರಿಗೇ ಗೊತ್ತಿತ್ತು. 1791ರಲ್ಲಿ ವಿಲಿಯಂ ಫಾಕ್ಸ್ ಎಂಬಾತ ವೆಸ್ಟ್ ಇಂಡೀಸ್ ಸಕ್ಕರೆಯನ್ನು ಬಿಡಿ ಎಂದು ಒಂದು ಕಿರುಹೊತ್ತಗೆ ಬರೆದ. ಅದು ಕಾಡ್ಗಿಚ್ಚಿನ ಹಾಗೆ ಹಬ್ಬಿತು, ಲಕ್ಷಗಟ್ಟಲೆ ಜನ ಸಕ್ಕರೆ ಬಿಟ್ಟರು. ಮನೆಗೆ ಏನು ತರಬೇಕು, ಏನು ಬಿಡಬೇಕು ಎಂದು ತೀರ್ಮಾನಿಸುತ್ತಿದ್ದವರು ಹೆಂಗಸರು. ಮತದಾನದ ಹಕ್ಕಿಲ್ಲದ ಅವರ ಕೈಯಲ್ಲಿ ಇದೊಂದು ಮತವಾಯಿತು. ಬಿಡಲಾರದವರು ಈಸ್ಟ್ ಇಂಡಿಯಾ ಸಕ್ಕರೆ ಕೊಂಡರು. ಅಂದರೆ ನಮ್ಮ ಕಡೆಯದು. ಇದು ಗುಲಾಮರು ಮಾಡಿದ್ದಲ್ಲ ಎಂದು ಬರೆದ ಪಿಂಗಾಣಿ ಸಕ್ಕರೆ ಬಟ್ಟಲುಗಳು ಇಂಗ್ಲೆಂಡಿನ ಮ್ಯೂಸಿಯಂಗಳಲ್ಲಿ ಇವತ್ತಿಗೂ ಇವೆ. ಈಸ್ಟ್ ಇಂಡಿಯಾ ಕಂಪನಿಗೆ ಸಿಕ್ಕ ಅತಿ ಅಗ್ಗದ ಸಚ್ಚಾರಿತ್ರ್ಯದ ಪ್ರಮಾಣಪತ್ರ ಇದೇ ಇರಬೇಕು!

ಹತ್ತೊಂಬತ್ತನೇ ಶತಮಾನಕ್ಕೆ ಸಕ್ಕರೆ ಅಗ್ಗವಾಯಿತು. ಮೂಳೆ ಇದ್ದಿಲಿನಲ್ಲಿ ಸೋಸಿ ಬೆಳ್ಳಗೆ ಮಾಡುವುದೂ ಬಂತು. ಅದೂ ಸಾಲದೆ ಕೆಲವರು ಐಸಿಂಗ್‌ಗೆ ಒಂದು ತೊಟ್ಟು ನೀಲಿ ಹಾಕುತ್ತಿದ್ದರು. ನಮ್ಮ ಅಜ್ಜಿ ಪಂಚೆಗೆ ಹಾಕುತ್ತಿದ್ದ ನೀಲಿಯ ಲೆಕ್ಕವೇ ಇದು, ಹಳದಿಯನ್ನು ಕಣ್ಣಿಗೆ ಕಾಣದಂತೆ ಮಾಡುವುದು. ಈಗ ಬೆಣ್ಣೆಯ ಹಳದಿಯನ್ನು ಹೊಡೆಯಲು ಕಡ್ಡಿಯ ತುದಿಯಷ್ಟು ನೇರಳೆ ಬಣ್ಣ ಸೇರಿಸುತ್ತಾರೆ. ವರ್ಣಚಕ್ರದಲ್ಲಿ ಹಳದಿಗೆ ಎದುರು ನೇರಳೆ.

ಈ ಮೊಟ್ಟೆ ಬಿಳಿಯ ಐಸಿಂಗ್, ಅಂದರೆ ರಾಯಲ್ ಐಸಿಂಗ್, ಒಣಗಿದರೆ ಕಲ್ಲು. ಅದರ ನುಣುಪು ಪೂರ್ತಿ ಗಾರೆ ಕೆಲಸದ ಜಾತಿಯದು. ಕೆಳಗೆ ಬಾದಾಮಿಯ ಮುದ್ದೆಯ ಪದರ ಕೊಟ್ಟು ಕೇಕಿನ ಕಂದು ಎಣ್ಣೆ ಮೇಲೆ ಬರದಂತೆ ತಡೆಯುತ್ತಾರೆ. ಬಾದಾಮಿ ಮೊದಲು, ಮೇಲೆ ಸಕ್ಕರೆ ಎಂಬ ಈ ಕ್ರಮ 1769ರಲ್ಲಿ ಬಂದ ಎಲಿಜಬೆತ್ ರಾಫಲ್ಡ್ ಅವರ ಪುಸ್ತಕದಲ್ಲೇ ಇದೆ. ಮೇಲ್ಭಾಗಕ್ಕೆ ಉದ್ದದ ಉಕ್ಕಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಎಳೆಯುವುದು. ಒಣಗಲು ಬಿಡುವುದು. ಇನ್ನೊಂದು ಕೋಟು. ಮತ್ತೆ ಒಣಗಿಸಿ, ಉಬ್ಬುತಗ್ಗು ಉಳಿದಿದ್ದರೆ ಸಣ್ಣ ಉಪ್ಪುಕಾಗದದಿಂದ ಉಜ್ಜುವುದು. ಹೌದು, ಬಡಗಿಯ ಉಪ್ಪುಕಾಗದವೇ. ನಮ್ಮೂರಲ್ಲಿ ಮನೆ ಕಟ್ಟುವಾಗ ಗಾರೆಯವರು ಮಟ್ಟಗೋಲು ಎಳೆದು ಗೋಡೆ ನಯಮಾಡುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಒಣಗುವ ವಸ್ತುವಿಗೆ ಎರಡನೇ ಅವಕಾಶ ಇರುತ್ತದೆ.

1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಕೇಕು ಸುಮಾರು 300 ಪೌಂಡ್ ತೂಗುತ್ತಿತ್ತು, ಸುತ್ತಳತೆ ಮೂರು ಗಜ, ಎತ್ತರ 14 ಅಂಗುಲ. ಮಗಳ ಮದುವೆಗೆ, 1858ರಲ್ಲಿ, ಕೇಕು ಗೋಪುರದಂತೆ ಮೇಲೆದ್ದಿತು. ಆದರೆ ಅದರಲ್ಲಿ ಕೆಳಗಿನದು ಮಾತ್ರ ಕೇಕು, ಮೇಲಿನದೆಲ್ಲ ಸಕ್ಕರೆಯ ಶಿಲ್ಪ. ಯುದ್ಧಕಾಲದ ರಟ್ಟಿನ ಕವಚಕ್ಕೆ ಇದು ಅಜ್ಜ ಅನ್ನಬಹುದು.

ಬಟರ್‌ಕ್ರೀಮ್‌ಗೆ ಬಂದರೆ ಆಟದ ನಿಯಮವೇ ಬದಲು. ಬೆಣ್ಣೆ ಗಾರೆಯಂತೆ ಒಣಗಿ ಗಟ್ಟಿಯಾಗುವುದಿಲ್ಲ, ಉಪ್ಪುಕಾಗದ ಹಾಕಲಾಗದು. ಮೆತ್ತಗಿರುವಾಗಲೇ ನುಣುಪು ಬರಬೇಕು. ಬೆಣ್ಣೆ ಸರಿಯಾಗಿ ಮಾತು ಕೇಳುವುದು ಸುಮಾರು 18ರಿಂದ 21 ಡಿಗ್ರಿಯ ನಡುವೆ. ಅದಕ್ಕಿಂತ ತಣ್ಣಗಾದರೆ ಹರಿದುಹೋಗುತ್ತದೆ, ಬಿಸಿಯಾದರೆ ಜಾರುತ್ತದೆ, 32-35ಕ್ಕೆ ಕರಗಿಯೇ ಹೋಗುತ್ತದೆ. ಮೂರು ಡಿಗ್ರಿಯ ಕಿಂಡಿ. ಬೇಸಿಗೆಯಲ್ಲಿ ಪುಣೆ 40 ಮುಟ್ಟುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಯುರೋಪಿನವರು ಇದಕ್ಕೆ ಪಾಕದ ದಾರಿ ಹಿಡಿದರು. ಸಕ್ಕರೆ ಪಾಕವನ್ನು 118-120 ಡಿಗ್ರಿಗೆ ತಂದು ಕಡೆದ ಮೊಟ್ಟೆಗೆ ಸುರಿದು, ಆರಿಸಿ, ಬೆಣ್ಣೆ ಬೆರೆಸುವುದು. ನಮ್ಮ ಲೆಕ್ಕದಲ್ಲಿ ಉಂಡೆಪಾಕ. ತಣ್ಣೀರಿಗೆ ಬಿಟ್ಟರೆ ಮೆತ್ತನೆಯ ಉಂಡೆ ಕಟ್ಟುವ ಹದ. ಸಕ್ಕರೆ ಪೂರ್ತಿ ಕರಗಿರುವುದರಿಂದ ಮರಳಿನ ಪ್ರಶ್ನೆಯೇ ಇಲ್ಲ, ರೇಷ್ಮೆಯಂಥ ನಯ. ಆದರೆ ಹದ ತಪ್ಪಿದರೆ ಒಡೆದ ಮಜ್ಜಿಗೆ ಹುಳಿಯಾಗುತ್ತದೆ. ಅಮೆರಿಕದವರು ಸುಲಭದ ದಾರಿ ಹಿಡಿದರು. ಕಾರ್ಖಾನೆಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆದ ಸಕ್ಕರೆ, ಗಂಟು ಕಟ್ಟದಂತೆ ಅದಕ್ಕೆ ಸೇರಿಸಿದ ಒಂದಿಷ್ಟು ಜೋಳದ ಪಿಷ್ಟ, ಅದರ ಅರ್ಧ ತೂಕ ಕೊಬ್ಬು. ಕಲಸಿದರೆ ಆಯಿತು, ಪಾಕವಿಲ್ಲ, ಥರ್ಮಾಮೀಟರ್ ಇಲ್ಲ. ಇನ್ನು ಉಳಿದದ್ದು ಆ ಕೊಬ್ಬು ಯಾವುದು ಎಂಬ ಪ್ರಶ್ನೆ. ಇತಿಹಾಸ ತಿರುಗಿದ್ದು ಇಲ್ಲಿ.

ಇಲ್ಲಿ ಸ್ವಲ್ಪ ಎಂಟೆಕ್ ಬುದ್ಧಿ ತೋರಿಸಲು ಅವಕಾಶ ಕೊಡಿ. ಕೊಬ್ಬು ಗಟ್ಟಿಯಾಗುವುದೆಂದರೆ ಹರಳುಗಟ್ಟುವುದು. ಒಂದೇ ಕೊಬ್ಬು ಬೇರೆ ಬೇರೆ ಬಗೆಯಲ್ಲಿ ಹರಳುಗಟ್ಟಬಲ್ಲದು. ಬೀಟಾ ಪ್ರೈಮ್ ಎನ್ನುವ ಬಗೆಯಲ್ಲಿ ಹರಳುಗಳು ಸೂಜಿಯಂತೆ ಬಲು ಸಣ್ಣವು, ಸುಮಾರು ಒಂದು ಮೈಕ್ರಾನ್. ಅವು ಗಾಳಿಯ ಗುಳ್ಳೆಗಳನ್ನೂ ದ್ರವವನ್ನೂ ಹಿಡಿದಿಟ್ಟು ಮುದ್ದೆಯನ್ನು ನಯವಾಗಿಡುತ್ತವೆ. ಬೀಟಾ ಎನ್ನುವ ಬಗೆಯಲ್ಲಿ ಹರಳು ಹತ್ತಾರು ಪಟ್ಟು ದೊಡ್ಡದು, ಕೈಗೆ, ನಾಲಿಗೆಗೆ ಕಾಳುಕಾಳು. ಇದನ್ನು ನಾವು ಕಾಣದವರೇನಲ್ಲ. ಬೆಣ್ಣೆ ಕಾಯಿಸಿ ಇಳಿಸಿದ ತುಪ್ಪ ನಿಧಾನವಾಗಿ ಆರಿದರೆ ಮರಳು ಮರಳಾಗುತ್ತದೆ, ಎಮ್ಮೆ ತುಪ್ಪವಂತೂ ಇನ್ನೂ ಚೆನ್ನಾಗಿ. ಅಮ್ಮ ಸೌಟಿನಲ್ಲಿ ಎತ್ತಿ ತೋರಿಸಿ ಮೆಚ್ಚುತ್ತಿದ್ದುದು ಆ ಮರಳನ್ನೇ. ಅದೇ ಗುಣ ಕೇಕಿನ ಮೇಲೆ ಬಂದರೆ ಗಿರಾಕಿ ವಾಪಸ್ ಕಳಿಸುತ್ತಾರೆ. ನುಣುಪೇ ಶ್ರೇಷ್ಠ ಎಂಬುದು ಎಲ್ಲ ಅಡುಗೆಮನೆಗಳ ತೀರ್ಪಲ್ಲ.

ಕಾರ್ಖಾನೆ ಈ ಹರಳನ್ನು ಬೇಕಾದಂತೆ ಕಟ್ಟಲು ಕಲಿತದ್ದು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ. ನಿಕ್ಕೆಲ್ ಪುಡಿಯ ಸಹಾಯದಿಂದ ಜಲಜನಕವನ್ನು ಸೇರಿಸುವ ರಸಾಯನಶಾಸ್ತ್ರ ಫ್ರಾನ್ಸಿನ ಪಾಲ್ ಸಬಾಟಿಯೆ ಅವರದು. 1912ರಲ್ಲಿ ಅದಕ್ಕೆ ನೊಬೆಲ್ ಬಂತು. ಅದನ್ನು ಎಣ್ಣೆಗೆ ಹೊಂದಿಸಿ 1902ರಲ್ಲಿ ಪೇಟೆಂಟ್ ಪಡೆದವರು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್. ಸೋಪು, ಮೇಣದಬತ್ತಿ ಮಾಡುತ್ತಿದ್ದ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಹತ್ತಿಬೀಜದ ಎಣ್ಣೆಯನ್ನು ಹೀಗೆ ಗಟ್ಟಿ ಮಾಡಿ 1911ರಲ್ಲಿ ಕ್ರಿಸ್ಕೋ ಎಂದು ಮಾರುಕಟ್ಟೆಗೆ ತಂದಿತು. ವಿದ್ಯುದ್ದೀಪ ಬಂದು ಮೇಣದಬತ್ತಿ ಕೇಳುವವರಿಲ್ಲದಾಗುತ್ತಿದ್ದ ಕಾಲ ಅದು. ಬೆಳ್ಳಗೆ, ವಾಸನೆಯಿಲ್ಲದೆ, ಕೋಣೆಯ ಬಿಸಿಗೆ ಕರಗದೆ ನಿಲ್ಲುವ ಕೊಬ್ಬು. 1930ರ ದಶಕದಲ್ಲಿ ಇದಕ್ಕೆ ನೀರು-ಕೊಬ್ಬನ್ನು ಬೆಸೆಯುವ ಎಮಲ್ಸಿಫೈಯರ್ ಸೇರಿಸಿದ ಬೇಕರಿ ಶಾರ್ಟನಿಂಗ್ ಬಂದ ಮೇಲೆ ಐಸಿಂಗ್ ಇನ್ನಷ್ಟು ಸಕ್ಕರೆ, ಇನ್ನಷ್ಟು ನೀರು ಹಿಡಿದೂ ಒಡೆಯದೆ ನಿಂತಿತು.

ಇದರ ಜೊತೆಜೊತೆಗೇ ಕೇಕ್ ಅಲಂಕಾರ ಒಂದು ಪಾಠವಾಗಿಯೂ ಬೆಳೆಯಿತು. ಶಿಕಾಗೋದಲ್ಲಿ ಡ್ಯೂಯಿ ಮೆಕಿನ್ಲಿ ವಿಲ್ಟನ್ 1929ರಲ್ಲಿ ತರಗತಿ ಶುರುಮಾಡಿದರು; ಆ ಹೆಸರಿನ ನಳಿಗೆ, ಸ್ಕ್ರೇಪರುಗಳು ಇಂದು ನಮ್ಮ ಮನೆಯ ಡ್ರಾಯರಿನಲ್ಲೂ ಇವೆ. ಅಮೆರಿಕದ ಗೃಹಿಣಿಯರು ತಮ್ಮತಮ್ಮಲ್ಲೇ ದಾಟಿಸಿಕೊಂಡು ಬಂದ ಒಂದು ಉಪಾಯ ನನಗೆ ತುಂಬ ಇಷ್ಟ. ಶಾರ್ಟನಿಂಗ್ ಮತ್ತು ಸಕ್ಕರೆಪುಡಿಯ ಐಸಿಂಗ್ ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಮೇಲ್ಮೈಯ ನೀರಾರಿ, ಸಕ್ಕರೆ ಹರಳುಗಟ್ಟಿ, ತೆಳ್ಳನೆಯ ಸಿಪ್ಪೆಯಾಗುತ್ತದೆ. ಆಗ ಹೂವಿನ ಅಚ್ಚಿಲ್ಲದ ಸಾದಾ ಪೇಪರ್ ಟವಲನ್ನು ಮೇಲಿಟ್ಟು ಬೆರಳಿನಿಂದ ಮೃದುವಾಗಿ ಸವರುವುದು. ಕಾಗದ ಅಂಟುವುದಿಲ್ಲ, ಗೆರೆಗಳೆಲ್ಲ ಮಾಯ. ಸಕ್ಕರೆ ಅರೆಯುವ ಗಿರಣಿ, ಎಣ್ಣೆ ಗಟ್ಟಿಮಾಡುವ ಕಾರ್ಖಾನೆ, ಕಾಗದದ ಕಾರ್ಖಾನೆ, ಮೂರೂ ಸೇರಿ ಕೊಟ್ಟ ನುಣುಪಿದು. ಬೆಣ್ಣೆ ಮಾತ್ರದ ಐಸಿಂಗಿಗೂ ಪಾಕದ ಬಟರ್‌ಕ್ರೀಮಿಗೂ ಈ ಉಪಾಯ ನಡೆಯುವುದಿಲ್ಲ. ಒಂದರಲ್ಲಿ ಸಿಪ್ಪೆ ಸರಿಯಾಗಿ ಕಟ್ಟುವುದಿಲ್ಲ, ಇನ್ನೊಂದರಲ್ಲಿ ಕಟ್ಟುವುದೇ ಇಲ್ಲ.

ನಮ್ಮ ದೇಶಕ್ಕೆ ಈ ಕೊಬ್ಬು ವನಸ್ಪತಿ ಎಂಬ ಹೆಸರಿನಲ್ಲಿ ಬಂತು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ಎಷ್ಟು ಬೇರೂರಿತೆಂದರೆ ಕನ್ನಡದಲ್ಲಿ ಅದು ವಸ್ತುವಿನ ಹೆಸರೇ ಆಗಿಹೋಯಿತು. ನಮ್ಮ ಪೀಳಿಗೆಯ ಕನ್ನಡಿಗರಿಗೆ ಕೇಕಿನ ಪರಿಚಯ ಮಾಡಿಸಿದ್ದು ಅಯ್ಯಂಗಾರ್ ಬೇಕರಿಗಳು. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ ತೆರೆದ ಬೆಂಗಳೂರು ಬ್ರದರ್ಸ್ ಬೇಕರಿಯಿಂದ ಹಿಡಿದು, ಹಾಸನ ಜಿಲ್ಲೆಯ ಹಳ್ಳಿಗಳಿಂದ ಹೊರಟ ಅಯ್ಯಂಗಾರರು ಊರೂರಲ್ಲಿ ಒಲೆ ಹೂಡಿದರು. ನಮ್ಮ ತಾಲ್ಲೂಕು ಊರಿನ ಬೇಕರಿಯ ಗಾಜಿನ ಕಪಾಟಿನಲ್ಲಿ ಗುಲಾಬಿ ಬಣ್ಣದ ಹೂವಿಟ್ಟ ಬರ್ತ್‌ಡೇ ಕೇಕು ಇರುತ್ತಿತ್ತು. ಏಪ್ರಿಲ್ ಬಿಸಿಲಲ್ಲೂ ಆ ಹೂವು ಬಾಗುತ್ತಿರಲಿಲ್ಲ. ತಿಂದರೆ ಅಂಗುಳಿಗೆ ಮೇಣದಂತೆ ಅಂಟಿಕೊಳ್ಳುತ್ತಿತ್ತು, ಕಾಫಿ ಕುಡಿದರೇ ಹೋಗುವುದು.

ಎರಡಕ್ಕೂ ಕಾರಣ ಒಂದೇ. ಕಾನೂನಿನ ಪ್ರಕಾರ ವನಸ್ಪತಿ ಕರಗುವ ಬಿಂದು 31ರಿಂದ 41 ಡಿಗ್ರಿಯ ನಡುವೆ ಎಲ್ಲಾದರೂ ಇರಬಹುದಿತ್ತು. ಬೆಣ್ಣೆ ಕರಗಿ ಹರಿಯುವ ಹೊತ್ತಿನಲ್ಲಿ ಅದು ನಿಲ್ಲುತ್ತದೆ, ಅದಕ್ಕೇ ಹೂವು ಬಾಗದು. ನಮ್ಮ ಬಾಯಿಯ ಬಿಸಿ 37. ಅಷ್ಟಕ್ಕೂ ಕರಗದ ಕೊಬ್ಬು ಅಂಗುಳಿನಲ್ಲೇ ಕೂರುತ್ತದೆ. ಬಿಸಿಲಿಗೆ ಜಗ್ಗದ ಕೊಬ್ಬು ಬಾಯಲ್ಲೂ ಜಗ್ಗದು. ಐಸಿಂಗಿನ ಇಡೀ ಇತಿಹಾಸದಲ್ಲಿ ಯಾರೂ ಈ ಪೇಚಿನಿಂದ ತಪ್ಪಿಸಿಕೊಂಡಿಲ್ಲ.

ಇದೇ ವನಸ್ಪತಿಯ ಬಗ್ಗೆ ಇನ್ನೊಂದು ಸ್ವಾರಸ್ಯ. ತುಪ್ಪಕ್ಕೆ ಇದನ್ನು ಬೆರಕೆ ಮಾಡುವವರನ್ನು ಹಿಡಿಯಲೆಂದು ಸರ್ಕಾರ ಪ್ರತಿ ವನಸ್ಪತಿ ಡಬ್ಬದಲ್ಲೂ ಕನಿಷ್ಠ 5% ಎಳ್ಳೆಣ್ಣೆ ಇರಲೇಬೇಕು ಎಂದು ಕಡ್ಡಾಯ ಮಾಡಿತು. ಎಳ್ಳೆಣ್ಣೆ ಇರುವ ಕೊಬ್ಬಿಗೆ ಹೈಡ್ರೋಕ್ಲೋರಿಕ್ ಆಮ್ಲ, ಫರ್ಫ್ಯೂರಾಲ್ ಹಾಕಿ ಅಲ್ಲಾಡಿಸಿದರೆ ಕೆಂಪಾಗುತ್ತದೆ. ಕಳ್ಳನ ಅಂಗಿಗೆ ಮೊದಲೇ ಬಣ್ಣ ಹಚ್ಚಿ ಕಳಿಸಿದ ಹಾಗೆ. ತುಪ್ಪದ ಮಾನ ಕಾಯಲು ಇಷ್ಟೆಲ್ಲ ಯೋಚಿಸಿದ ದೇಶ, ಆ ಕೊಬ್ಬು ತಿಂದವರ ಎದೆಯ ಬಗ್ಗೆ ಯೋಚಿಸಲು ಬಹಳ ತಡಮಾಡಿತು.

ಎಣ್ಣೆಯನ್ನು ಅರ್ಧಂಬರ್ಧ ಗಟ್ಟಿ ಮಾಡುವಾಗ ಅದರ ಅಣುಗಳಲ್ಲಿ ಒಂದಷ್ಟು ತಿರುಚಿಕೊಂಡು ಟ್ರಾನ್ಸ್ ಕೊಬ್ಬಾಗುತ್ತವೆ. ಐಸಿಂಗಿಗೆ ಬೇಕಾದ ಆ ಗಟ್ಟಿಮೆತ್ತಗಿನ ಹದ ಬರುವುದರಲ್ಲಿ ಇವುಗಳದೇ ದೊಡ್ಡ ಪಾತ್ರ. ಇಲಿನಾಯ್ ವಿಶ್ವವಿದ್ಯಾಲಯದ ಫ್ರೆಡ್ ಕುಮರೋ ಎಂಬ ವಿಜ್ಞಾನಿ 1957ರಲ್ಲೇ, ಹೃದ್ರೋಗದಿಂದ ಸತ್ತವರ ಅಂಗಾಂಶಗಳಲ್ಲಿ ಈ ಕೊಬ್ಬು ಕೂತಿದೆ ಎಂದು ಪ್ರಕಟಿಸಿದ್ದರು. ಯಾರೂ ಕಿವಿಗೊಡಲಿಲ್ಲ. 1990ರಲ್ಲಿ ನೆದರ್ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್, ಇದು ಕೆಟ್ಟ ಕೊಲೆಸ್ಟರಾಲ್ ಏರಿಸುವುದರ ಜೊತೆಗೆ ಒಳ್ಳೆಯದನ್ನು ಇಳಿಸುತ್ತದೆ ಎಂದು ತೋರಿಸಿದ ಮೇಲೆ ಗಾಳಿ ತಿರುಗಿತು. 2003ರಲ್ಲಿ ಡೆನ್ಮಾರ್ಕ್ 2% ಮಿತಿ ಹೇರಿತು. ಅಮೆರಿಕ ಸರ್ಕಾರ ಏಳುವುದಿಲ್ಲವೆಂದು ಕುಮರೋ 2009ರಲ್ಲಿ ಅರ್ಜಿ ಹಾಕಿದರು, 2013ರಲ್ಲಿ ಮೊಕದ್ದಮೆಯನ್ನೇ ಹೂಡಿದರು. ಆಗ ಅವರಿಗೆ ಸುಮಾರು 99 ವರ್ಷ. 2015ರಲ್ಲಿ ನಿಷೇಧದ ಆದೇಶ ಬಂತು, 2018ರ ಜೂನ್‌ನಿಂದ ಜಾರಿ. ಜಾರಿಯಾಗುವುದನ್ನು ನೋಡಲು ಅವರಿರಲಿಲ್ಲ, ಹಿಂದಿನ ವರ್ಷ 102ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಒಂದು ಬಗ್ ರಿಪೋರ್ಟ್ ಅರವತ್ತು ವರ್ಷ ತೆರೆದೇ ಇತ್ತು ಎಂದರೆ ನನ್ನ ವೃತ್ತಿಯವರಿಗೆ ಚೆನ್ನಾಗಿ ಅರ್ಥವಾದೀತು.

ಕಂಪನಿಗಳು ನಿಷೇಧಕ್ಕೆ ಕಾಯದೆ, ವರ್ಷಗಳ ಮೊದಲೇ ಶಾರ್ಟನಿಂಗಿನ ಒಳಗನ್ನು ಬದಲಿಸತೊಡಗಿದ್ದವು. ಡಬ್ಬ ಅದೇ, ಹೆಸರು ಅದೇ. ಆದರೆ ಅಮೆರಿಕದ ಕೇಕ್ ಮಾಡುವವರಿಗೆ ತಕ್ಷಣ ಗೊತ್ತಾಯಿತು. ಮೂವತ್ತು ವರ್ಷ ಕಣ್ಣುಮುಚ್ಚಿ ಮಾಡಿದ ಅಳತೆ ಕೈಕೊಟ್ಟಿತು. ಐಸಿಂಗಿನಲ್ಲಿ ಸೂಜಿಮೊನೆಯಂಥ ತೂತು, ಬೇಗ ಬಿರುಕು ಬಿಡುವ ಸಿಪ್ಪೆ, ಎಷ್ಟು ಸವರಿದರೂ ಬಾರದ ನಯ. ತಮ್ಮ ಕೈಯದೆಂದು ಅವರು ತಿಳಿದಿದ್ದ ನುಣುಪಿನಲ್ಲಿ ಎಷ್ಟು ಭಾಗ ಡಬ್ಬದ್ದಾಗಿತ್ತು ಎಂಬುದು ಡಬ್ಬ ಬದಲಾದ ದಿನ ಬಯಲಾಯಿತು.

ನಮ್ಮಲ್ಲಿ 2009ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ವನಸ್ಪತಿಗಳನ್ನು ಪರೀಕ್ಷಿಸಿದಾಗ ಡೆನ್ಮಾರ್ಕಿನ ಮಿತಿಗಿಂತ 5ರಿಂದ 12 ಪಟ್ಟು ಟ್ರಾನ್ಸ್ ಕೊಬ್ಬು ಸಿಕ್ಕಿತು. ಎಫ್‌ಎಸ್‌ಎಸ್‌ಎಐ ಹಂತಹಂತವಾಗಿ ಬಿಗಿಮಾಡುತ್ತ 2021ರ ಜನವರಿಗೆ 3%, 2022ರ ಜನವರಿಗೆ 2% ಎಂದಿತು. ಈಗ ಆ ಜಾಗಕ್ಕೆ ಬಂದಿರುವುದು ಹೆಚ್ಚಾಗಿ ತಾಳೆ ಎಣ್ಣೆಯ ಕೊಬ್ಬು. ಅದೂ ಬೀಟಾ ಪ್ರೈಮ್ ಹರಳು ಕಟ್ಟುತ್ತದೆ, ನಯವಾಗಿಯೂ ಇರುತ್ತದೆ; ಅದಕ್ಕಾಗಿ ಇಂಡೋನೇಷ್ಯಾ, ಮಲೇಷ್ಯಾಗಳ ಕಾಡು ಎಷ್ಟು ಹೋಯಿತೆಂಬುದು ಇನ್ನೊಂದು ಲೇಖನದ ಮಾತು. ಅಷ್ಟರಲ್ಲಿ ನಮ್ಮ ಬಹುಪಾಲು ಬೇಕರಿಗಳಲ್ಲಿ ಬಟರ್‌ಕ್ರೀಮ್ ಜಾಗವನ್ನೇ ಹಾಲಿಲ್ಲದ ವಿಪ್ಪಿಂಗ್ ಕ್ರೀಮ್ ಹಿಡಿದಾಗಿದೆ. 1945ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ರಾಬರ್ಟ್ ರಿಚ್ ಸೋಯಾದಿಂದ ಮಾಡಿದ್ದರ ವಂಶಜ ಅದು. ಹಗುರ, ಅಗ್ಗ, ಸವರಿದರೆ ಸಲೀಸು. ಹಾಲಿನ ಉತ್ಪಾದನೆಯಲ್ಲಿ ಪ್ರಪಂಚಕ್ಕೇ ಮೊದಲಿರುವ ದೇಶದ ಮಕ್ಕಳು ಬರ್ತ್‌ಡೇ ದಿನ ಕ್ರೀಮೆಂದು ತಿನ್ನುವುದು ಹನಿ ಹಾಲಿನ ಕೆನೆಯೂ ಇಲ್ಲದ ಎಣ್ಣೆಯ ನೊರೆ. ನನಗಿದು ಕಸಿವಿಸಿ.

ಗಟ್ಟಿ ಸಕ್ಕರೆಯ ಹಳೆಯ ಗಾರೆ ಕೆಲಸ ನೋಡಬೇಕೆನ್ನುವವರು ಡಿಸೆಂಬರಿನಲ್ಲಿ ಊರಿಗೆ ಹೋದಾಗ ಬೆಂಗಳೂರಿನ ಕೇಕ್ ಶೋಗೆ ಹೋಗಿಬನ್ನಿ. 1975ರಿಂದ ನಡೆದು ಬಂದಿದೆ. ಅರಮನೆ, ಗುಡಿ, ಪ್ರಾಣಿ, ಎಲ್ಲ ಸಕ್ಕರೆಯಲ್ಲಿ. ಬೆಣ್ಣೆಯಲ್ಲಿ ಮಾಡಿದ್ದರೆ ಮೊದಲ ದಿನ ಮಧ್ಯಾಹ್ನಕ್ಕೇ ಶೋ ಮುಗಿಯುತ್ತಿತ್ತು.

ಇನ್ನು ಬೆಣ್ಣೆಯಲ್ಲೇ ಆ ಫೋಟೋದ ನುಣುಪು ತರಬೇಕೆಂದರೆ ಹೇಗೆ? ನಮ್ಮ ಮನೆಯಲ್ಲಿ ನಡೆಯುವುದನ್ನು ಹೇಳುತ್ತೇನೆ. ಉಪ್ಪಿಲ್ಲದ ಬೆಣ್ಣೆ, ಪಾಕದ ಮೊಟ್ಟೆಬಿಳಿ, ಅಡುಗೆಮನೆಯಲ್ಲಿ ಕಿಟಕಿಗೆ ಕೂರಿಸಿದ ಎಸಿ. ಕಡೆದದ್ದು ಉಬ್ಬಿ ಹಗುರಾದ ಮೇಲೆ ಮಿಕ್ಸರನ್ನು ಅತಿ ನಿಧಾನಕ್ಕೆ ಇಳಿಸಿ ಐದು ನಿಮಿಷಕ್ಕೂ ಹೆಚ್ಚು ತಿರುಗಿಸುತ್ತಾಳೆ. ಸಿಕ್ಕಿಕೊಂಡ ದೊಡ್ಡ ಗುಳ್ಳೆಗಳು ಒಡೆಯಬೇಕು, ಇಲ್ಲದಿದ್ದರೆ ಸವರುವಾಗ ಒಂದೊಂದೂ ಒಂದೊಂದು ಗುಂಡಿ. ಮೊದಲು ಚೂರುಪಾರು ಹಿಡಿದಿಡಲು ತೆಳ್ಳನೆಯ ಕೋಟು, ಅರ್ಧ ಗಂಟೆ ಫ್ರಿಜ್. ಆಮೇಲೆ ಬೇಕಾದದ್ದಕ್ಕಿಂತ ದಪ್ಪಗೆ ಮೆತ್ತುವುದು. ಹಚ್ಚುವುದಕ್ಕಿಂತ ತೆಗೆಯುವುದರಲ್ಲೇ ನುಣುಪಿರುವುದು. ಸ್ಕ್ರೇಪರನ್ನು ಮಣೆಗೆ ನೆಟ್ಟಗೆ ಒತ್ತಿ ಹಿಡಿದು, ಆ ಕೈಯನ್ನು ಅಲ್ಲಾಡಿಸದೆ, ಇನ್ನೊಂದು ಕೈಯಿಂದ ಮಣೆಯನ್ನು ಮಾತ್ರ ತಿರುಗಿಸುತ್ತಾಳೆ. ಗುಂಡಿ ಕಂಡಲ್ಲಿ ತುಂಬಿಸಿ ಮತ್ತೊಂದು ಸುತ್ತು. ಅಂಚಿನಲ್ಲಿ ಮೇಲೆದ್ದ ಗೋಡೆಯನ್ನು ಹೊರಗಿನಿಂದ ನಡುವಿಗೆ ಎಳೆದು ಸಮ ಮಾಡಿ, ಪ್ರತಿ ಎಳೆತಕ್ಕೂ ಅಲಗನ್ನು ಒರೆಸಿ, ಮತ್ತೆ ಫ್ರಿಜ್. ಕೊನೆಗೆ ಸ್ಕ್ರೇಪರನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದೇ ಒಂದು ಸುತ್ತು. ಆ ಬಿಸಿಗೆ ಮೇಲಿನ ಕೂದಲೆಳೆಯಷ್ಟು ಬೆಣ್ಣೆ ಕರಗಿ ಗೆರೆಗಳನ್ನು ತುಂಬಿ ಮತ್ತೆ ಗಟ್ಟಿಯಾಗುತ್ತದೆ. ಮೊದಲಿನಿಂದ ಕೊನೆಗೆ ಎರಡೂವರೆ ಗಂಟೆ. ಅದೇ ಕೇಕಿಗೆ ವಿಪ್ಪಿಂಗ್ ಕ್ರೀಮ್ ಆದರೆ ಇಪ್ಪತ್ತು ನಿಮಿಷ.

ನುಣುಪೇ ಬೇಡ ಎಂದವರೂ ಇದ್ದಾರೆ. ನ್ಯೂಯಾರ್ಕಿನಲ್ಲಿ 2008ರಲ್ಲಿ ಮಿಲ್ಕ್ ಬಾರ್ ಬೇಕರಿ ತೆರೆದ ಕ್ರಿಸ್ಟಿನಾ ಟೋಸಿ ಕೇಕಿನ ಪಕ್ಕಗಳಿಗೆ ಐಸಿಂಗ್ ಹಚ್ಚದೆ, ಪದರ ಪದರ ಕಾಣುವಂತೆ ಬರಿಯಾಗಿ ಬಿಟ್ಟರು. ಅದೇ ಒಂದು ಫ್ಯಾಷನ್ ಆಯಿತು. ನಮ್ಮ ಗಿರಾಕಿಗಳಿಗೆ ಅದನ್ನು ತೋರಿಸಿದರೆ, ವಹಿನಿ, ಇದು ಇನ್ನೂ ಮುಗಿದಿಲ್ಲ ಅಲ್ವಾ ಎನ್ನುತ್ತಾರೆ.

ಬೆಣ್ಣೆಯ ಬೆಲೆ ಶಾರ್ಟನಿಂಗಿನ ಮೂರು ನಾಲ್ಕು ಪಟ್ಟು. ಅದಕ್ಕೇ ಹೋದ ವರ್ಷದಿಂದ ನನ್ನ ಹೆಂಡತಿ ಆರ್ಡರ್ ಬಂದ ಕೂಡಲೇ ಎರಡು ಬೆಲೆ ಬರೆದು ಕಳಿಸುತ್ತಾಳೆ: ಬೆಣ್ಣೆಯದಕ್ಕೆ ಇಷ್ಟು, ಹಾಲಿಲ್ಲದ ಕ್ರೀಮಿನದಕ್ಕೆ ಇಷ್ಟು, ಬೆಣ್ಣೆಯದಾದರೆ ತುಸು ಹಳದಿ ಇರುತ್ತದೆ, ಎಸಿ ಇಲ್ಲದ ಹಾಲಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಶಾರ್ಟನಿಂಗ್ ಬೆರೆಸಿ ಬೆಣ್ಣೆಯದೆಂದು ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಈ ವ್ಯವಹಾರದ ಗೆಳತಿಯರು ಹೇಳುತ್ತಾರೆ. ಅಂಗುಳಿಗೆ ಗೊತ್ತಾಗುತ್ತದೆ ಅನ್ನುವುದು ಇವಳ ಉತ್ತರ. ಹತ್ತರಲ್ಲಿ ಆರು ಜನ ಕ್ರೀಮಿನದನ್ನೇ ಆರಿಸುತ್ತಾರೆ, ಮೂವರು ಬೆಣ್ಣೆಯದನ್ನು. ಉಳಿದ ಒಬ್ಬರು ಬೆಣ್ಣೆಯದನ್ನು ಕ್ರೀಮಿನ ಬೆಲೆಗೆ ಕೇಳುತ್ತಾರೆ. ಈ ಶನಿವಾರದ ಎರಡು ಆರ್ಡರಿನಲ್ಲಿ ಒಂದು ಬೆಣ್ಣೆಯದು, ಏಳು ವರ್ಷದ ಹುಡುಗಿಗೆ. ಸಂಜೆ ಐದಕ್ಕೆ ಹಿಂಜೇವಾಡಿಗೆ ತಲುಪಿಸಬೇಕು, ಕಾರಿನ ಎಸಿ ನಾಲ್ಕೂವರೆಗೇ ಹಾಕಿಡಬೇಕು.